ಇಂಗ್ಲಿಷ್ ಬರೂದಿಲ್ಲ ಅಂದವರಾರು?

ವಿಜಯಪುರ ಜಿಲ್ಲೆಯ ಇಂಡಿ, ಸಿಂದಗಿ, ಮುದ್ದೇಬಿಹಾಳ, ಬಸವನ ಬಾಗೇವಾಡಿ ಕಡೆಯ ಮಂದಿಗೆ ಇಂಗ್ಲಿಷ್ ಬರುವುದಿಲ್ಲ ಎಂಬುದು ಬೆಂಗಳೂರಿನವರು ಹೊರಿಸಿದ ಅಪವಾದವೆಂದು ಅನೇಕರು ತಿಳಿದಿದ್ದಾರೆ. ಬೆಂಗಳೂರಿನವರಿಗೆ ನಮ್ಮ ಬಗ್ಗೆ ಯೋಚಿಸುವಷ್ಟು ಪುರುಸೊತ್ತು ಎಲ್ಲಿಂದ ಬರಬೇಕು? ಈ ಮಾತನ್ನು ಹುಟ್ಟಿಸಿ, ಸಾಕಿ, ದೊಡ್ಡದು ಮಾಡಿದವರು ನಾವೇ. ಚಹಾದಂಗಡಿಯ ಕಟ್ಟೆಯ ಮೇಲೆ, ಪಾಲಕರ ಸಭೆಯಲ್ಲಿ, ಮದುವೆಯ ಹಂದರದಲ್ಲಿ ಅದೇ ರಾಗ. ಹುಡುಗ ಪುಣೆಯಿಂದ ನೌಕರಿ ಸಿಗದೆ ವಾಪಸ್ ಬಂದರೆ ಇಂಗ್ಲಿಷ್ ಕಾರಣ. ಹತ್ತನೇ ಇಯತ್ತೆಯ ರಿಸಲ್ಟ್ ಬಿದ್ದರೆ ಇಂಗ್ಲಿಷ್ ಕಾರಣ. ಸಾಲಿಯ ಫೀ ಏರಿದರೆ ಅದಕ್ಕೂ ಇಂಗ್ಲಿಷೇ ಕಾರಣ; ಆಗ ಮಾತ್ರ ಯಾರೂ ಇಂಗ್ಲಿಷನ್ನು ಬೈಯುವುದಿಲ್ಲ. ಇದರ ಬೆನ್ನಿಗೇ ಇನ್ನೊಂದು ಮಾತು: ಅಷ್ಟಿಷ್ಟು ಬಂದರೂ ನಮ್ಮವರದು ತಪ್ಪು ಇಂಗ್ಲಿಷ್, ಹರಕುಮುರಕು, ನಾಲ್ಕು ಮಂದಿಯ ಮುಂದೆ ಬಾಯಿ ಬಿಡುವಂಥದ್ದಲ್ಲ.

ಇಂಗ್ಲಿಷ್ ಕಲಿಸಿ ಹೊಟ್ಟೆ ಹೊರೆದವನು ನಾನು. ಈ ಎರಡೂ ಮಾತು ಸುಳ್ಳು. ಎರಡನೆಯದಂತೂ ಲಾಭ ತರುವ ಸುಳ್ಳು.

ದ್ರಾಕ್ಷಿಯ ಅಕ್ಟೋಬರ್ ಚಾಟ್ನಿ ಮುಗಿದು ಮೋಡ ಕವಿದ ದಿನಗಳಲ್ಲಿ ಇಂಡಿ ಕಡೆಯ ಯಾವುದಾದರೂ ಗೊಬ್ಬರದ ಅಂಗಡಿಯ ಮುಂದೆ ಅರ್ಧ ತಾಸು ನಿಂತು ನೋಡಿ. ತಲೆಗೆ ಟವೆಲ್ ಸುತ್ತಿಕೊಂಡ ರೈತ ಬರುತ್ತಾನೆ. ‘ದಾವಣಿ ಬಿದ್ದದರಿ. ಈ ಎಣ್ಣಿ ಸಿಸ್ಟಮಿಕ್ ಅದ ಏನ್ರಿ, ಕಾಂಟ್ಯಾಕ್ಟ್ ಅದ?’ ಕಾಂಟ್ಯಾಕ್ಟ್ ಎಂದು ಅಂಗಡಿಯವನು ಹೇಳಿದರೆ ಡಬ್ಬಿ ಹಿಂದಕ್ಕೆ ಸರಿಯುತ್ತದೆ. ‘ಸಂಜಿಗಿ ಮಳಿ ಬಂದ್ರ ತೊಳಕೊಂಡು ಹೋಗ್ತದ. ಸಿಸ್ಟಮಿಕ್ ಕೊಡ್ರಿ. ಪಿಎಚ್‌ಐ ಎಷ್ಟ ದಿನ? ಮಾಲಿನ್ಯಾಗ ರೆಸಿಡ್ಯೂ ಬರಬಾರದು ಮತ್ತ.’ ಸಿಸ್ಟಮಿಕ್ ಎಂದರೆ ಗಿಡದ ಒಳಗಿಳಿದು ಹರಿಯುವ ಔಷಧಿ, ಕಾಂಟ್ಯಾಕ್ಟ್ ಎಂದರೆ ಎಲೆಯ ಮೇಲಷ್ಟೇ ಕೂರುವುದು, ಪಿಎಚ್‌ಐ ಎಂದರೆ ಸಿಂಪಡಣೆಗೂ ಕೊಯ್ಲಿಗೂ ನಡುವೆ ಬಿಡಬೇಕಾದ ದಿನಗಳ ಲೆಕ್ಕ. ಇಂಗ್ಲಿಷ್ ಎಂ.ಎ. ಮಾಡಿದ ಎಷ್ಟು ಮಂದಿ ಈ ಮೂರನ್ನೂ ಬಿಡಿಸಿ ಹೇಳಬಲ್ಲರು? ಡಬ್ಬಿಯ ಮೇಲಿನ ತ್ರಿಕೋನ ಕೆಂಪೋ ಹಳದಿಯೋ ನೀಲಿಯೋ ಹಸಿರೋ ಎಂದು ನೋಡಿ ವಿಷದ ತೀಕ್ಷ್ಣತೆ ಅಳೆಯುವ ಈ ಮನುಷ್ಯನನ್ನು ‘ಇಂಗ್ಲಿಷ್ ಬರ್ತದೇನ್ರಿ ಯಜಮಾನ್ರ?’ ಎಂದು ಕೇಳಿದರೆ ನಕ್ಕುಬಿಡುತ್ತಾನೆ. ‘ಏ, ಎಲ್ಲೀದರಿ ಸರ್!’

ನನ್ನ ತಕರಾರು ಆ ನಗೆಯ ಮೇಲೆ. ಆ ನಗೆಯನ್ನು ಅವನಿಗೆ ಯಾರೋ ಕಲಿಸಿದ್ದಾರೆ.

ದಾವಣಿ ಎಂದು ಅವನು ಅಂದದ್ದು ಡೌನಿ ಮಿಲ್ಡ್ಯೂ ರೋಗಕ್ಕೆ. ಇಂಗ್ಲಿಷಿನ ಡೌನಿ ನಮ್ಮ ಹೊಲಕ್ಕೆ ಬಂದು, ದನ ಕಟ್ಟುವ ದಾವಣಿಯ ಪಕ್ಕ ನಿಂತು ಊರಿನದೇ ಆಗಿಹೋಗಿದೆ. ದಾಳಿಂಬೆಯ ಕಾಯಿಗೆ ಎಣ್ಣೆ ಕಲೆಯಂತೆ ಬೀಳುವ ರೋಗಕ್ಕೆ ಮಾತ್ರ ರೈತರು ಇಂಗ್ಲಿಷಿನ ಕಡೆ ತಿರುಗಿ ನೋಡಲಿಲ್ಲ. ಸೊಲ್ಲಾಪುರ ಸೀಮೆಯ ಮರಾಠಿಯಿಂದ ತೇಲ್ಯಾ ಎಂಬ ಹೆಸರನ್ನು ತಂದುಕೊಂಡರು. ಇಲಾಖೆಯ ಕರಪತ್ರ ಅದನ್ನು ದುಂಡಾಣು ಅಂಗಮಾರಿ ಎನ್ನುತ್ತದೆ. ಅಚ್ಚ ಕನ್ನಡವೇ, ಆದರೆ ಅದನ್ನು ರೈತನಿಗೆ ತಿಳಿಸಿ ಹೇಳಲು ಕೃಷಿ ಅಧಿಕಾರಿ ಕಡೆಗೆ ‘ತೇಲ್ಯಾರಿ, ತೇಲ್ಯಾ’ ಎನ್ನಲೇಬೇಕು.

ಹೀಗೆ ಆರಿಸಿಕೊಳ್ಳುವುದರಲ್ಲಿ ಒಂದು ಜಾಣತನ ಇದೆ. ಹೊಲದಲ್ಲಿ ಟಿಸಿ ಸುಟ್ಟಿದೆ ಎಂದರೆ ಟ್ರಾನ್ಸ್‌ಫಾರ್ಮರ್. ಸಾಲಿಯಲ್ಲಿ ಟಿಸಿ ಕೊಟ್ಟು ಕಳಿಸಿದರು ಎಂದರೆ ವರ್ಗಾವಣೆ ಪತ್ರ. ಒಂದೇ ಮನೆಯಲ್ಲಿ ಅಪ್ಪ ಒಂದು ಟಿಸಿಗಾಗಿ ಹೆಸ್ಕಾಂ ಕಚೇರಿಗೆ, ಮಗ ಇನ್ನೊಂದು ಟಿಸಿಗಾಗಿ ಹೆಡ್‌ಮಾಸ್ತರರ ಬಳಿಗೆ ಅಡ್ಡಾಡುತ್ತಿದ್ದರೂ ಯಾರಿಗೂ ಗೊಂದಲವಾದದ್ದಿಲ್ಲ. ಕೃಷ್ಣಾ ಮೇಲ್ದಂಡೆ ಯೋಜನೆಯ ನೀರು ನಾರಾಯಣಪುರದ ಎಡದಂಡೆ ಕಾಲುವೆ, ಇಂಡಿ ಬ್ರ್ಯಾಂಚ್ ಕೆನಾಲ್ ಹಿಡಿದು ಬರುವಾಗ ಎಂಜಿನಿಯರುಗಳ ನಕಾಶೆಯಿಂದ ಟೇಲ್ ಎಂಡ್ ಎಂಬ ಮಾತೂ ಹರಿದು ಬಂತು. ನಕಾಶೆಯಲ್ಲಿ ಅದು ಕಾಲುವೆಯ ಕೊನೆ, ಅಷ್ಟೇ. ನಮ್ಮಲ್ಲಿ ಅದು ಒಂದು ಜಾತಿಯಷ್ಟೇ ಗಟ್ಟಿಯಾದ ಗುರುತು: ‘ನಾವು ಟೇಲೆಂಡ್ ರೈತರು.’ ರಸ್ತೆ ತಡೆದು ಕೂತವರ ಬಾಯಲ್ಲಿ ಈ ಮಾತಿಗೆ ಬಂದಿರುವ ಸಿಟ್ಟು ಯಾವ ಇಂಗ್ಲಿಷ್ ನಿಘಂಟಿನಲ್ಲೂ ಇಲ್ಲ. 1964ರ ಮೇ ತಿಂಗಳಲ್ಲಿ ಲಾಲ್ ಬಹದ್ದೂರ್ ಶಾಸ್ತ್ರಿಯವರು ಅಡಿಗಲ್ಲಿಟ್ಟ ಆಲಮಟ್ಟಿ ಅಣೆಕಟ್ಟು ಹಳೆಯ ಬಾಗೇವಾಡಿ ತಾಲೂಕಿನ ನೆಲದ್ದೇ. ಅಲ್ಲಿ ಊರು, ಹೊಲ, ಗುಡಿ ನೀರಿನಡಿ ಹೋದವರು ಸಬ್‌ಮರ್ಜೆನ್ಸ್ ಎಂಬ ಸರಕಾರಿ ಪದವನ್ನು ಮುಟ್ಟಲಿಲ್ಲ. ಮುಳುಗಡೆ ಎಂದರು. ಇವತ್ತಿಗೂ ಮುಳುಗಡೆಯೇ. ಪರಿಹಾರಕ್ಕೆ ಅಲೆಯುವಾಗ ಮಾತ್ರ ಫೈಲು, ಅವಾರ್ಡು, ಕೋರ್ಟು. ಯಾವ ಪದ ಒಳಗೆ ಬರಬೇಕು, ಯಾವುದು ಹೊರಗೇ ನಿಲ್ಲಬೇಕು ಎಂಬುದನ್ನು ಈ ಮಂದಿ ಯಾರನ್ನೂ ಕೇಳದೆ ತೀರ್ಮಾನಿಸಿದ್ದಾರೆ.

ಸರಿ, ಇವು ಬಿಡಿ ಪದಗಳಾದವು, ಪದ ಎರವಲು ತಂದಮಾತ್ರಕ್ಕೆ ಭಾಷೆ ಬಂದಂತಾಯಿತೇ, ವ್ಯಾಕರಣ ಎಲ್ಲಿ, ಉಚ್ಚಾರಣೆ ಎಲ್ಲಿ ಎಂದು ನನ್ನ ವೃತ್ತಿಬಾಂಧವರು ಕೇಳುತ್ತಾರೆ. ಒಳ್ಳೆಯ ಪ್ರಶ್ನೆ. ಯಾವ ವ್ಯಾಕರಣ ಎಂದು ಮೊದಲು ಅವರು ಹೇಳಲಿ. ನಮ್ಮ ಸಾಲಿಗಳಲ್ಲಿ ಮೂರು ತಲೆಮಾರು ತಿರುವಿ ಹಾಕಿದ್ದು ರೆನ್ ಮತ್ತು ಮಾರ್ಟಿನ್ ಅವರ ವ್ಯಾಕರಣ. 1930ರ ದಶಕದ ಪುಸ್ತಕ. ರೆನ್ ಸಾಹೇಬರು ‘ಬೋ ಜೆಸ್ಟ್’ ಕಾದಂಬರಿ ಬರೆದು ಹೆಸರಾದವರು. ಅದಕ್ಕೂ ಮೊದಲು ಮುಂಬಯಿ ಇಲಾಖೆಯ ಶಿಕ್ಷಣ ಖಾತೆಯಲ್ಲಿದ್ದರು, ಅಂದರೆ ವಿಜಯಪುರ ಜಿಲ್ಲೆ ಸೇರಿದ್ದ ಅದೇ ಇಲಾಖೆ. ಪುಸ್ತಕವೇನೋ ಅಚ್ಚುಕಟ್ಟು, ಅದರ ಬಗ್ಗೆ ನನಗೆ ಗೌರವವಿದೆ. ಆದರೆ ಅದರಲ್ಲಿರುವ ಇಂಗ್ಲಿಷ್ ಈಗ ಇಂಗ್ಲೆಂಡಿನಲ್ಲೇ ಇಲ್ಲ. ‘ಐ’ ಮುಂದೆ ‘ಶಲ್’, ‘ಯು’ ಮುಂದೆ ‘ವಿಲ್’ ಎಂದು ನಾವು ಕೈ ಕೆಂಪಾಗುವಂತೆ ಹೊಡೆದು ಕಲಿಸಿದ ನಿಯಮವನ್ನು ಅಲ್ಲಿನವರು ಎಂದೋ ಗಾಳಿಗೆ ತೂರಿದರು. ‘ಹೂಮ್’ ಎಲ್ಲಿ ಬರಬೇಕೆಂದು ಅವರೇ ತಡವರಿಸುತ್ತಾರೆ. ನಮ್ಮ ಮಾಸ್ತರರು ಮಾತ್ರ ಒಡೆಯ ಖಾಲಿ ಮಾಡಿಹೋದ ವಾಡೆಗೆ ಇನ್ನೂ ಪಹರೆ ಕೊಡುತ್ತಿದ್ದಾರೆ.

ಇಂಗ್ಲಿಷ್ ತನ್ನ ಮೈಮೇಲೇ ಎಂಥೆಂಥ ಕತ್ತರಿ ಹಾಕಿಕೊಂಡಿದೆ ನೋಡಿ. ಅದರಲ್ಲಿ ನೀನು, ನೀವು ಎರಡೂ ಇದ್ದವು. ಶೇಕ್ಸ್‌ಪಿಯರನ ಪಾತ್ರಗಳು ಒಂದರಿಂದ ಇನ್ನೊಂದಕ್ಕೆ ಹಾರಿ ಪ್ರೀತಿ, ಸಿಟ್ಟು, ತಾತ್ಸಾರ ಎಲ್ಲ ತೋರಿಸುತ್ತವೆ. ಆಮೇಲೆ ‘ನೀನು’ ಬಿದ್ದುಹೋಯಿತು. ಪ್ರಾರ್ಥನೆಯಲ್ಲಿ ದೇವರಿಗಷ್ಟೇ ಅದು ಉಳಿದು, ಬಾಗಿಲ ಮುಂದಿನ ನಾಯಿಗೂ ‘ನೀವು’ ಎನ್ನುವ ಸ್ಥಿತಿ ಬಂತು. ಒಂದು ಭಾಷೆ ಸರ್ವನಾಮವನ್ನೇ ಕಳೆದುಕೊಂಡರೆ ಅದು ಬೆಳವಣಿಗೆ. ಸಿಂದಗಿಯ ಹುಡುಗ ಒಂದು ‘ದಿ’ ಬಿಟ್ಟರೆ ಅದು ಅನಕ್ಷರತೆ! ಇಷ್ಟಕ್ಕೂ ಆ ಕೊರತೆಯನ್ನು ತುಂಬಿಕೊಟ್ಟವರು ನಮ್ಮವರೇ. ‘ಯೆಸ್ ರಿ’, ‘ಓಕೆ ರಿ’, ‘ಹಲೋ ರಿ’, ‘ಸಾರಿ ರಿ’. ಇಂಗ್ಲಿಷಿನಲ್ಲಿ ಗೌರವಕ್ಕೆ ಜಾಗ ಇಲ್ಲವೆಂದು ಕಂಡಾಗ ವಿಜಯಪುರದವನು ತನ್ನ ಜೇಬಿನಿಂದ ಒಂದು ‘ರಿ’ ತೆಗೆದು ಅದಕ್ಕೆ ಅಂಟಿಸಿದ. ಇದನ್ನು ತಪ್ಪು ಎನ್ನುವವರಿಗೆ ಭಾಷೆ ಅಂದರೆ ಏನೆಂದು ತಿಳಿದಿಲ್ಲ.

ಇಂಗ್ಲೆಂಡ್ ಕಳೆದುಕೊಂಡದ್ದನ್ನು ನಾವು ಉಳಿಸಿಕೊಂಡದ್ದೂ ಉಂಟು. 1880ರ ದಶಕದಲ್ಲಿ ಹೋಟಗಿಯಿಂದ ಗದಗಿಗೆ ರೈಲು ಹಾಕಿದಾಗ ಇಂಡಿ ಊರೊಳಗೆ ಹಳಿ ಬರಲಿಲ್ಲ. ಸ್ಟೇಷನ್ನಿಗೆ ಇಂಡಿ ರೋಡ್ ಎಂದು ಹೆಸರಿಟ್ಟರು. ಬಸವನ ಬಾಗೇವಾಡಿ ರೋಡ್ ಎಂಬುದೂ ಅದೇ ತರಹದ್ದು. ಇಲ್ಲಿ ಇಳಿ, ಊರಿಗೆ ರಸ್ತೆ ಹಿಡಿ ಎಂಬುದು ಆ ‘ರೋಡ್’ನ ಅರ್ಥ. ಇದು ಬ್ರಿಟಿಷ್ ರೈಲ್ವೆಯ ಪದ್ಧತಿಯೇ ಆಗಿತ್ತು. ಇಂಗ್ಲೆಂಡಿನ ಕಾರ್ನ್‌ವಾಲ್ ಸೀಮೆಯಲ್ಲಿ ಬಾಡ್ಮಿನ್ ರೋಡ್ ಎಂಬ ಸ್ಟೇಷನ್ ಇತ್ತು. 1983ರಲ್ಲಿ ಅದನ್ನು ಬಾಡ್ಮಿನ್ ಪಾರ್ಕ್‌ವೇ ಮಾಡಿದರು, ಕಾರು ನಿಲ್ಲಿಸಿ ರೈಲು ಹತ್ತುವ ಕಾಲ ಬಂದಿತ್ತಲ್ಲ. ಅಲ್ಲಿ ಹಳೆಯ ಪದ ಹೋಯಿತು, ಇಂಡಿಯಲ್ಲಿ ಉಳಿಯಿತು. ಈಗ ಇಂಗ್ಲಿಷಿಗೆ ನಿಷ್ಠರಾದವರು ಯಾರು?

ಉಚ್ಚಾರಣೆಯ ಮಾತಿಗೆ ಬರೋಣ, ಅದೇ ಎಲ್ಲರ ನಗೆಗೆ ಮೇವು. ‘ಇಸ್ಕೂಲ್’, ‘ಇಸ್ಟೇಷನ್’ ಎಂದವನನ್ನು ಕಂಡು ನಗುವವರು ಸ್ಪೇನ್ ದೇಶದವನನ್ನು ಒಮ್ಮೆ ಕೇಳಬೇಕು. ಅವನ ಭಾಷೆಯಲ್ಲಿ ಶಾಲೆ ಎಸ್ಕುಯೆಲಾ, ಸ್ಟೇಷನ್ ಎಸ್ತಾಸಿಯೋನ್. ಪದದ ಮೊದಲಿಗೇ ಸಕಾರಕ್ಕೆ ಇನ್ನೊಂದು ವ್ಯಂಜನ ತಗುಲಿ ನಿಂತರೆ ಅವನ ನಾಲಗೆ ಅದರ ಮುಂದೊಂದು ಸ್ವರ ಇಟ್ಟುಕೊಳ್ಳುತ್ತದೆ. ನಮ್ಮ ಮುದುಕರ ನಾಲಗೆಯೂ ಹಾಗೆಯೇ ಮಾಡುತ್ತದೆ. ಸ್ಪೇನಿನವರು ಇದನ್ನು ರಾಷ್ಟ್ರಭಾಷೆ ಮಾಡಿಕೊಂಡು ಅರ್ಧ ಅಮೆರಿಕ ಖಂಡಕ್ಕೆ ಹಂಚಿದರು. ನಮ್ಮವರು ಬಾಯಿ ಮುಚ್ಚಿಕೊಂಡರು.

ನಿಘಂಟಿನವರಾದರೂ ನಮ್ಮ ಮಾಸ್ತರರಷ್ಟು ಬಿಗಿಯಾಗಿದ್ದಾರೆಯೇ ಎಂದರೆ ಅದೂ ಇಲ್ಲ. ಪ್ರಿಪೋನ್ ಎಂಬ ನಮ್ಮ ದೇಶದ ಸೃಷ್ಟಿ ಆಕ್ಸ್‌ಫರ್ಡ್ ನಿಘಂಟಿಗೆ ಸೇರಿ ಎಷ್ಟೋ ವರ್ಷವಾಯಿತು. 2020ರಲ್ಲಿ ಬಂದ ಆಕ್ಸ್‌ಫರ್ಡ್ ಅಡ್ವಾನ್ಸ್‌ಡ್ ಲರ್ನರ್ಸ್ ಡಿಕ್ಷನರಿಯ ಹತ್ತನೇ ಆವೃತ್ತಿಯಲ್ಲಿ ಭಾರತೀಯ ಇಂಗ್ಲಿಷಿನ 26 ಹೊಸ ಪದಗಳಿವೆ. ಆಧಾರ್, ಚಾಳ್, ಡಬ್ಬಾ, ಹರತಾಳ, ಶಾದಿ ಎಲ್ಲ ಅವುಗಳಲ್ಲಿ ಸೇರಿವೆ. ಮುಂಬಯಿಯ ಚಾಳಿನಲ್ಲಿ ಬಾಡಿಗೆಗಿದ್ದು, ಡಬ್ಬಾ ಕಟ್ಟಿಕೊಂಡು ಕೆಲಸಕ್ಕೆ ಹೋಗಿಬಂದ ನಮ್ಮ ಗುಳೆಯ ಮಂದಿ ಈ ಇಂಗ್ಲಿಷನ್ನು ಆಕ್ಸ್‌ಫರ್ಡಿಗಿಂತ ಎಷ್ಟು ಮೊದಲು ಕಲಿತಿದ್ದರು!

ಹಾಗಾದರೆ ತಪ್ಪು ಎಂಬುದೇ ಇಲ್ಲವೇ? ಇದೆ. ಕೋರ್ಟಿನ ಕಾಗದದಲ್ಲಿ, ಡಾಕ್ಟರ ಚೀಟಿಯಲ್ಲಿ, ಸಾಲದ ಕರಾರಿನಲ್ಲಿ ಒಂದು ‘ನಾಟ್’ ಬಿಟ್ಟುಹೋದರೆ ಮನೆ ಮುಳುಗುತ್ತದೆ. ಕ್ರಿಯಾಪದ ಎಲ್ಲಿಗೋ ಹೋಗಿ ಹೇಳಿದ್ದೇ ತಿಳಿಯದಂತಾದರೆ ತಿದ್ದಲೇಬೇಕು, ನಾನೂ ಜೀವನವಿಡೀ ಕೆಂಪು ಶಾಯಿಯಲ್ಲಿ ತಿದ್ದಿದವನೇ. ಒಬ್ಬ ಹುಡುಗ ಎಡವಿದ್ದು ಬೇರೆ, ಒಂದು ಸೀಮೆ ಪೂರ್ತಿ ಹಾಗೇ ನಡೆಯುವುದು ಬೇರೆ. ಮೊದಲನೆಯದು ತಪ್ಪು, ಎರಡನೆಯದು ರೂಢಿ. ಈ ವ್ಯತ್ಯಾಸವನ್ನು ಬೇಕೆಂದೇ ಅಳಿಸಿಹಾಕಿದ್ದರಿಂದ ಯಾರಿಗೆ ಲಾಭವಾಯಿತು ಎಂಬುದನ್ನು ನೋಡಬೇಕು.

ನಮ್ಮ ತಾಲೂಕುಗಳಲ್ಲಿ ಸರಕಾರಿ ಪ್ರಾಥಮಿಕ ಶಾಲೆ ಕನ್ನಡ ಸಾಲಿ, ಉಳಿದದ್ದೆಲ್ಲ ಕಾನ್ವೆಂಟ್. ಕ್ರೈಸ್ತ ಸನ್ಯಾಸಿನಿಯರ ಮಠಕ್ಕೆ ಇದ್ದ ಹೆಸರು ಅದು. ಇಲ್ಲಿ ಲಿಂಗಾಯತ ಮಠದ ಶಾಲೆಯೂ ಕಾನ್ವೆಂಟ್, ದಾಲ್‌ಮಿಲ್ ಮಾಲೀಕನ ಶಾಲೆಯೂ ಕಾನ್ವೆಂಟ್. ಹೆಸರಿನ ಅರ್ಥ ಬದಲಾದದ್ದಕ್ಕೆ ನನ್ನ ಆಕ್ಷೇಪ ಇಲ್ಲ. ಇದುವರೆಗೆ ನಾನು ವಾದಿಸಿದ್ದೇ ಅದು. ಆದರೆ ಒಳಗೆ ನಡೆಯುವುದೇನು? ಕಾಂಪೌಂಡಿನೊಳಗೆ ಕನ್ನಡ ಮಾತಾಡಿದರೆ ದಂಡ ಹಾಕುವ ಶಾಲೆಗಳಿವೆ. ಮಗು ತಡವಾಗಿ ಬಂತು ಎನ್ನಿ. ‘ವೈ ಆರ್ ಯು ಲೇಟ್?’ ಎಂದು ಟೀಚರ್ ಕೇಳುತ್ತಾರೆ. ‘ಬಸ್ ಬ್ರೇಕ್‌ಡೌನ್, ಮಿಸ್’ ಎನ್ನುತ್ತದೆ ಮಗು. ಲಂಡನ್ನಿನ ಬಸ್‌ಸ್ಟ್ಯಾಂಡಿನಲ್ಲೂ ಈ ಉತ್ತರ ನಡೆಯುತ್ತದೆ. ಇಲ್ಲಿ ನಡೆಯುವುದಿಲ್ಲ. ‘ಟೆಲ್ ಇನ್ ಫುಲ್ ಸೆಂಟೆನ್ಸ್!’ ಮಗು ನೆಲ ನೋಡುತ್ತ ನಿಲ್ಲುತ್ತದೆ. ಮಾರನೆಯ ದಿನದಿಂದ ತಡವಾದರೆ ಏನೂ ಹೇಳುವುದಿಲ್ಲ, ಸುಮ್ಮನೆ ಬಾಗಿಲ ಹೊರಗೆ ನಿಂತಿರುತ್ತದೆ. ಎಲ್‌ಕೆಜಿಯಿಂದ ಹತ್ತರವರೆಗೆ ಫೀ ಕಟ್ಟಿ ನಾವು ಕೊಂಡುತಂದದ್ದು ಈ ಮೌನವನ್ನು.

ಅದೇ ಮಗು ‘ಮೈ ಏಮ್ ಇನ್ ಲೈಫ್’ ಪ್ರಬಂಧವನ್ನು ನಿಂತಲ್ಲೇ ಒಪ್ಪಿಸುತ್ತದೆ. ಗೈಡಿನಲ್ಲಿ ಡಾಕ್ಟರ್ ಆಗುವುದು ಗುರಿ, ಆದ್ದರಿಂದ ಇಡೀ ಕ್ಲಾಸಿನದೂ ಡಾಕ್ಟರ್ ಆಗುವುದೇ ಗುರಿ. ಅಪ್ಪನ ಬೆಳೆವಿಮೆಯ ಪತ್ರವನ್ನೋ ಬ್ಯಾಂಕಿನ ನೋಟಿಸನ್ನೋ ಮುಂದಿಟ್ಟರೆ ಕಣ್ಣು ಕಣ್ಣು ಬಿಡುತ್ತದೆ. ಪ್ರಶ್ನೆಪತ್ರಿಕೆ ತೆಗೆಯುವವರು ಒಂದು ವರ್ಷ ಆ ಪ್ರಬಂಧವನ್ನು ಕೈಬಿಟ್ಟು ಈ ನೋಟಿಸನ್ನು ಕೊಡಲಿ ಎಂದು ನಾನು ಮೀಟಿಂಗುಗಳಲ್ಲಿ ಹೇಳಿದ್ದೇನೆ. ಚಹಾ ಬಂತು, ವಿಷಯ ಬದಲಾಯಿತು.

ಪಾಲಕರು ಇಂಗ್ಲಿಷ್ ಬೇಕೆನ್ನುವುದು ತಪ್ಪೆಂದು ನಾನು ಹೇಳುತ್ತಿಲ್ಲ. 2014ರ ಮೇ 6ರಂದು ಸುಪ್ರೀಂ ಕೋರ್ಟು ಮಾತೃಭಾಷಾ ಮಾಧ್ಯಮವನ್ನು ಸರಕಾರ ಹೇರುವಂತಿಲ್ಲ ಎಂದಿತು. 2007-08ರಿಂದಲೇ ಕನ್ನಡ ಸಾಲಿಗಳಲ್ಲಿ ಒಂದನೇ ಇಯತ್ತೆಯಿಂದ ಇಂಗ್ಲಿಷ್ ಒಂದು ವಿಷಯವಾಗಿದೆ, 2019-20ರಲ್ಲಿ ಸಾವಿರ ಸರಕಾರಿ ಶಾಲೆಗಳಲ್ಲಿ ಇಂಗ್ಲಿಷ್ ಮಾಧ್ಯಮವೂ ಶುರುವಾಯಿತು. ಅದಕ್ಕೆ ಧಾರವಾಡದ ಸಾಹಿತ್ಯ ಸಮ್ಮೇಳನದ ವೇದಿಕೆಯಲ್ಲೇ ಸಮ್ಮೇಳನಾಧ್ಯಕ್ಷ ಚಂದ್ರಶೇಖರ ಕಂಬಾರರು ವಿರೋಧ ಎತ್ತಿದ್ದರು. ಮಾಧ್ಯಮದ ಜಗಳ ದೊಡ್ಡದು, ಇಲ್ಲಿ ಅದಕ್ಕೆ ಕೈ ಹಾಕುವುದಿಲ್ಲ. ಆದರೆ ಇಂಗ್ಲಿಷ್ ಪದ ಬೆರೆತು ಹಳ್ಳಿಯ ಕನ್ನಡ ಕುಲಗೆಟ್ಟಿತು ಎನ್ನುವ ಕನ್ನಡಾಭಿಮಾನಿಗಳಿಗೆ ಒಂದು ಮಾತು. 1490ರಿಂದ 1686ರವರೆಗೆ ಆದಿಲ್‌ಶಾಹಿ, ಮುಂದೆ ಮರಾಠರು, ಆಮೇಲೆ ಮುಂಬಯಿ ಇಲಾಖೆ ಎಂದು ಆಳಿಸಿಕೊಂಡ ನೆಲ ಇದು. ಇಂಗ್ಲಿಷ್ ಬೇಡವೆಂದು ನೀವು ತಹಶೀಲ್ದಾರ ಕಚೇರಿಗೆ ಅರ್ಜಿ ಕೊಟ್ಟು, ವಕೀಲರ ಮೂಲಕ ದಾವೆ ಹೂಡುವಾಗ ಅದರಲ್ಲಿ ಎಷ್ಟು ಪದ ಪಾರಸಿ-ಅರಬ್ಬಿ ಮೂಲದ್ದು ಎಂದು ಎಣಿಸಿ ನೋಡಿ. ಅಷ್ಟನ್ನು ಅರಗಿಸಿಕೊಂಡ ಕನ್ನಡಕ್ಕೆ ಸ್ಟಾರ್ಟರ್, ಮೋಟರ್ ಅಜೀರ್ಣವಾಗುವುದಿಲ್ಲ.

ಈ ಸೀಮೆ ಇಂಗ್ಲಿಷನ್ನು ನಿಜವಾಗಿ ಪಳಗಿಸಿದ್ದು ಹೇಗೆಂದು ತಿಳಿಯಬೇಕಾದರೆ ಹಲಸಂಗಿಗೆ ಹೋಗಬೇಕು. ಆಗ ಅದು ಇಂಡಿ ತಾಲೂಕಿನ ಹಳ್ಳಿ. ಅಲ್ಲಿನ ಕವಿ ಮಧುರಚೆನ್ನರು ಕಲಿತದ್ದು ಮುಲ್ಕಿ ಪರೀಕ್ಷೆಯವರೆಗೆ. ಇಂಗ್ಲಿಷನ್ನು ತಾವೇ ಕಲಿತು, ಅರವಿಂದರನ್ನು ಓದಿ, ಪುದುಚೇರಿಯ ದಾರಿ ಹಿಡಿದರು. ಅವರಿದ್ದ ಹಲಸಂಗಿ ಗೆಳೆಯರ ಬಳಗ 1931ರಲ್ಲಿ ಜನಪದ ಹಾಡುಗಳ ಸಂಗ್ರಹ ‘ಗರತಿಯ ಹಾಡು’ ತಂದಿತು. ಓದಿದ್ದು ಇಂಗ್ಲಿಷ್, ಎತ್ತಿ ಹಿಡಿದದ್ದು ಬೀಸುಕಲ್ಲಿನ ಮುಂದಿನ ಹೆಣ್ಣುಮಕ್ಕಳ ಕನ್ನಡ. ಅವರ ಉಚ್ಚಾರಣೆ ಹೇಗಿತ್ತೆಂದು ಯಾರೂ ಕೇಳಲಿಲ್ಲ. ವಿಜಯಪುರದಲ್ಲಿ ವಕೀಲರಾಗಿದ್ದ ಫ.ಗು. ಹಳಕಟ್ಟಿಯವರು 1920ರ ದಶಕದಲ್ಲಿ ವಚನಗಳನ್ನು ಇಂಗ್ಲಿಷಿಗೆ ತಿರುಗಿಸಿ ‘ಇಂಡಿಯನ್ ಆಂಟಿಕ್ವರಿ’ಗೆ ಕಳಿಸಿದರು. ಬೆಳಗಾವಿಯ ಲಿಂಗರಾಜ ಕಾಲೇಜಿನಲ್ಲಿ ಇಂಗ್ಲಿಷ್ ಕಲಿಸಿದ್ದ ಎ.ಕೆ. ರಾಮಾನುಜನ್ 1973ರಲ್ಲಿ ‘ಸ್ಪೀಕಿಂಗ್ ಆಫ್ ಶಿವ’ ತಂದು ಬಾಗೇವಾಡಿಯ ಬಸವಣ್ಣನನ್ನು ಪೆಂಗ್ವಿನ್ ಪುಸ್ತಕವಾಗಿ ಲೋಕಕ್ಕೆ ಕೊಟ್ಟರು. ಬಸವಣ್ಣನ ಕೂಡಲಸಂಗಮದೇವನಿಗೆ ಇಂಗ್ಲಿಷಿನಲ್ಲಿ ಮೊದಲು ಪೀಠ ಇರಲಿಲ್ಲ. ಇವರಿಬ್ಬರು ಆ ಭಾಷೆಯನ್ನೇ ಸ್ವಲ್ಪ ಸರಿಸಿ ಜಾಗ ಮಾಡಿದರು. ರೆನ್-ಮಾರ್ಟಿನ್ನಿನ ಅಂಗಳದಲ್ಲೇ ನಿಂತಿದ್ದರೆ ಆ ಕೆಲಸ ಆಗುತ್ತಿರಲಿಲ್ಲ.

ಇಷ್ಟು ಹೇಳಿದ ಮೇಲೂ ಒಂದು ಪ್ರಶ್ನೆ ಉಳಿಯುತ್ತದೆ, ಅದನ್ನು ಕೇಳುವ ಅಪ್ಪ-ಅವ್ವಂದಿರ ಮೇಲೆ ನನಗೆ ಸಿಟ್ಟಿಲ್ಲ. ‘ಇದೆಲ್ಲ ಖರೇ ಸರ್, ಆದ್ರ ಇಂಟರ್‌ವ್ಯೂದಾಗ ನಮ್ಮ ಹುಡುಗನ್ನ ಯಾರ್ ತಗೋತಾರ?’ ಖರೇ. ಬೆಂಗಳೂರು, ಪುಣೆಯ ಕಂಪನಿಗಳಿಗೆ ಬೇರೆ ತರಹದ ಇಂಗ್ಲಿಷ್ ಬೇಕು; ಅದನ್ನೂ ಕಲಿಸಬೇಕು, ಚೆನ್ನಾಗಿಯೇ ಕಲಿಸಬೇಕು. ಆದರೆ ಅದನ್ನು ಕಲಿಯುವ ಶಕ್ತಿ ನಮ್ಮ ಹುಡುಗರಲ್ಲಿ ಮೊದಲೇ ಇದೆ. ಮನೆಯಲ್ಲಿ ‘ಹೊಂಟೀನಿ’ ಎಂದವನು ಪರೀಕ್ಷೆಯಲ್ಲಿ ‘ಹೊರಟಿದ್ದೇನೆ’ ಎಂದು ಬರೆಯುತ್ತಾನೆ, ಮೈಸೂರಿನ ಗೆಳೆಯನ ಜೊತೆ ‘ಹೊರಟೆ ಕಣೋ’ ಎನ್ನುತ್ತಾನೆ. ಎರಡು ಮೂರು ಕನ್ನಡಗಳ ನಡುವೆ ದಿನಾ ಅಡ್ಡಾಡುವವನಿಗೆ ಎರಡು ಇಂಗ್ಲಿಷ್ ಭಾರವಾಗಬೇಕಿಲ್ಲ. ಒಂದನ್ನು ಕಲಿಯಲು ಇನ್ನೊಂದಕ್ಕೆ ನಾಚಬೇಕೆಂದು ಹೇಳಿಕೊಟ್ಟಾಗಲೇ ನಾಲಗೆ ಕಟ್ಟುವುದು.

ಇನ್ನು ಆ ಇಂಟರ್‌ವ್ಯೂ ಕೋಣೆಯಲ್ಲಿ ಮೇಜಿನ ಆಚೆ ಕೂತವರು. ಅವರಲ್ಲಿ ಸಾಹೇಬರ ಮಕ್ಕಳು ಯಾರೂ ಇಲ್ಲ. ತುಮಕೂರು, ರಾಯಚೂರು, ಬಾಗಲಕೋಟೆಯಿಂದ, ನಮ್ಮ ಮುದ್ದೇಬಿಹಾಳದಿಂದಲೇ ಹೋದವರು ಅಲ್ಲಿ ಕೂತಿರುತ್ತಾರೆ. ಕಷ್ಟಪಟ್ಟು ತಮ್ಮ ಉಚ್ಚಾರಣೆ ಒರೆಸಿಕೊಂಡವರು, ಊರಿನ ಹುಡುಗನ ಬಾಯಲ್ಲಿ ಅದು ಮತ್ತೆ ಕೇಳಿದೊಡನೆ ಬೆಚ್ಚಿ, ಎಲ್ಲರಿಗಿಂತ ಮೊದಲು ಅಂಕ ಕತ್ತರಿಸುವವರು. ಅವರಿಗೆ ನನ್ನ ವಿನಂತಿ ಇಷ್ಟೇ: ಹುಡುಗ ತಡವರಿಸಿದಾಗ ಅವನು ಮಾಡಿದ ಪ್ರಾಜೆಕ್ಟ್ ಬಗ್ಗೆ ಒಂದು ಪ್ರಶ್ನೆಯನ್ನು ಕನ್ನಡದಲ್ಲೇ ಕೇಳಿ ನೋಡಿ, ಉತ್ತರ ಪೂರ್ತಿ ಕೇಳಿಸಿಕೊಳ್ಳಿ, ಆಮೇಲೆ ಅಂಕ ಹಾಕಿ.